ಎರಡು ಬೆರಳುಗಳ ಬೇಸಿಗೆ

ಹೋದ ವಾರ ಡ್ರೈವಿಂಗ್ ಕಲಿಯುವವರೊಬ್ಬರನ್ನು ಕರೆದುಕೊಂಡು ಧಾರವಾಡದ ಹಳೆಯ ಓಣಿಯೊಂದರಲ್ಲಿ ಹೋಗುತ್ತಿದ್ದೆ. ಹಿಟ್ಟಿನ ಗಿರಣಿಯ ಮುಂದೆ ಬರುತ್ತಲೇ ಖಾರಪುಡಿಯ ಘಾಟು ಕಾರಿನೊಳಗೆ ನುಗ್ಗಿತು. ಸ್ಟಿಯರಿಂಗ್ ಹಿಡಿದಿದ್ದವರು ಒಂದೇ ಸಮನೆ ಸೀನತೊಡಗಿದರು. ನಾನು ಕಲಿಸುವವನಿಗೆಂದು ನನ್ನ ಕಾಲ ಬಳಿ ಇರುವ ಬ್ರೇಕು ಒತ್ತಿ ಗಾಡಿ ನಿಲ್ಲಿಸಿದೆ, ಮೂಗಿಗೆ ಕರವಸ್ತ್ರ ಹಿಡಿದು ಮೇಲೆ ನೋಡಿದೆ. ಗಿರಣಿಯ ಮೇಲಿನ ಕೋಣೆಯ ಕಿಟಕಿಗೆ ಈಗ ಹೊಲಿಗೆ ಕ್ಲಾಸಿನ ಬೋರ್ಡು ಬಂದಿದೆ. ಮೂರು ವರ್ಷದ ಹಿಂದೆ ಒಂದು ಬೇಸಿಗೆಯಿಡೀ, ವಾರಕ್ಕೊಮ್ಮೆ, ನಾನು ಆ ಕೋಣೆಯಲ್ಲಿ ಕೂತು ಒಬ್ಬ ಹೆಣ್ಣುಮಗಳು ಆಡಿಸುವ ಎರಡು ಬೆರಳುಗಳ ಹಿಂದೆ ಕಣ್ಣು ಓಡಿಸಿದ್ದೇನೆ. ಐವತ್ತು ದಾಟಿದ ಗಂಡಸು, ಇಪ್ಪತ್ತು ವರ್ಷ ಊರಿಗೆಲ್ಲ ಗಾಡಿ ಕಲಿಸಿದವನು. ಯಾರಾದರೂ ನೋಡಿದ್ದರೆ ನಕ್ಕುಬಿಡುತ್ತಿದ್ದರು. ನನಗೇ ನಗು ಬರುತ್ತಿತ್ತು.

ಹುಬ್ಬಳ್ಳಿಯಲ್ಲಿ ನನ್ನದು ಒಂದೇ ಕಾರಿನ ಡ್ರೈವಿಂಗ್ ಸ್ಕೂಲು. ಮನೆ ಕಮರಿಪೇಟೆಯಲ್ಲಿ. ಹೆಂಡತಿ ರೂತ್ ಮಿಷನ್ ಶಾಲೆಯಲ್ಲಿ ಟೀಚರ್. ಜನ ನನ್ನನ್ನು ಎದುರಿಗೆ ಡ್ಯಾನಿಯಲ್ ಮಾಸ್ತರ ಎನ್ನುತ್ತಿದ್ದರು, ಬೆನ್ನ ಹಿಂದೆ ಏನೆನ್ನುತ್ತಿದ್ದರೋ ಅದಕ್ಕೆ ಕಾರಣವಿತ್ತು. ಕಲಿಯಲು ಬರುವವರನ್ನು ಕಂಡರೆ ನನಗೆ ತಾತ್ಸಾರ. ಕ್ಲಚ್ಚು ಯಾವುದು ಬ್ರೇಕು ಯಾವುದು ತಿಳಿಯುವ ಮೊದಲೇ ಮೈಲೇಜಿನ ಬಗ್ಗೆ ಭಾಷಣ ಮಾಡುವ ಬ್ಯಾಂಕಿನ ಸಾಹೇಬರು. ಎದುರಿಗೆ ಲಾರಿ ಬಂದರೆ ಸ್ಟಿಯರಿಂಗ್ ಬಿಟ್ಟು ಎದೆ ಹಿಡಿದುಕೊಳ್ಳುವ ಗುತ್ತಿಗೆದಾರರು. ಮೊದಲ ದಿನ ಗಾಲಿಗೆ ಲಿಂಬೆಹಣ್ಣು ಇಟ್ಟು ಕೈಮುಗಿದು, ಐದೇ ನಿಮಿಷದಲ್ಲಿ ಹಿಂದಿನ ಗಾಲಿಯನ್ನು ಗಟಾರಕ್ಕೆ ಇಳಿಸುವವರು. ಇವರನ್ನೆಲ್ಲ ಬೈದು ಬೈದೇ ನಾನು ರಸ್ತೆಗೆ ಬಿಟ್ಟಿದ್ದೇನೆ. ಬೈದರೆ ಬೇಗ ಕಲಿಯುತ್ತಾರೆ ಎಂಬುದು ನನ್ನ ಸಿದ್ಧಾಂತ. ನಿಜವಾಗಿ ಹೇಳಬೇಕೆಂದರೆ ಅದು ಸಿದ್ಧಾಂತವೂ ಅಲ್ಲ, ಚಟ.

ಆ ವರ್ಷ ಚಳಿಗಾಲದಲ್ಲಿ ನೀಲಾಂಬಿಕಾ ಎಂಬವರು ಕಲಿಯಲು ಬಂದರು. ಅಂಚೆ ಕಚೇರಿಯಲ್ಲಿ ಕ್ಲರ್ಕು, ನಿವೃತ್ತಿಗೆ ಎರಡು ವರ್ಷ ಬಾಕಿ. ಗಂಡನ ಊರು ಉಪ್ಪಿನಬೆಟಗೇರಿಯಲ್ಲಿ ಹೊಲಮನೆ ಇತ್ತು. ನೌಕರಿ ಮುಗಿದ ಮೇಲೆ ಅಲ್ಲಿಗೆ ತಾವೇ ಕಾರು ಹೊಡೆದುಕೊಂಡು ಹೋಗಬೇಕು ಎಂಬುದು ಅವರ ಆಸೆ.

"ಬಸ್ಸಿನ್ಯಾಗ ಸೀಟ್ ಹಿಡದು ಹಿಡದು ಜನ್ಮಾನ ಹೋತ್ರಿ ಮಾಸ್ತರ," ಎಂದಿದ್ದರು ಮೊದಲ ದಿನ. "ಒಮ್ಮೆರ ನಾನ ಕಾರ್ ಹೊಡಕೊಂಡು ಹೋಗಿ ನಮ್ಮ ಬಾಗಲ ಮುಂದ ನಿಲ್ಲಸಬೇಕು. ಊರ ಮಂದಿ ನೋಡಬೇಕು."

ಬೇರೆಯವರು ಇಪ್ಪತ್ತು ದಿನದಲ್ಲಿ ಕಲಿಯುವುದನ್ನು ನೀಲಕ್ಕ ನಲವತ್ತು ದಿನವಾದರೂ ಕಲಿಯಲಿಲ್ಲ. ಕ್ಲಚ್ಚು ಬಿಡುವಾಗ ಕಾಲು ನಡುಗುತ್ತಿತ್ತು, ಗಾಡಿ ಎರಡು ಸಲ ಜಿಗಿದು ಬಂದ್ ಬೀಳುತ್ತಿತ್ತು. ಆದರೆ ಹಿಂದಿನ ಸೀಟಿನಲ್ಲಿ ಕೂತಾಗ ಅವರಿಗೆ ಎಲ್ಲವೂ ಬರುತ್ತಿತ್ತು. ಬೆಳಗಿನ ಹೊತ್ತು ನಾನು ಇಬ್ಬರನ್ನು ಒಟ್ಟಿಗೆ ಕರೆದೊಯ್ಯುತ್ತಿದ್ದೆ. ಒಬ್ಬರು ಹೊಡೆಯುವಾಗ ಇನ್ನೊಬ್ಬರು ಹಿಂದೆ ಕೂತು ನೋಡಬೇಕು. ಅವರ ಜೋಡಿ ರೇಷ್ಮಾ ಎಂಬ ಔಷಧ ಅಂಗಡಿಯ ಹೆಣ್ಣುಮಗಳು. ರೇಷ್ಮಾ ಹೊಡೆಯುವಾಗ ನೀಲಕ್ಕ ಹಿಂದಿನಿಂದ, "ಕ್ಲಚ್ ಒತ್ತವಾ ತಂಗಿ, ಆಮ್ಯಾಲೆ ಗೇರು," ಎಂದು ಪಾಠ ಹೇಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಒಂದು ದಿನ ಸಿಗ್ನಲ್ಲಿನಲ್ಲಿ ಅವರು ಮೂರು ಸಲ ಗಾಡಿ ಬಂದ್ ಬೀಳಿಸಿದಾಗ, ಹಿಂದಿನ ಗಾಡಿಗಳ ಹಾರ್ನಿನ ಮಧ್ಯೆ ನಾನು ಹೇಳಿದೆ: "ಅಕ್ಕಾರ, ನಿಮಗ ಕಾರ್ ಅಲ್ಲ, ಚಕ್ಕಡಿ ಲಾಯಕ್. ಅದರಾಗ ಕ್ಲಚ್ ಇರೂದಿಲ್ಲ." ರೇಷ್ಮಾ ನಕ್ಕಳು. ನೀಲಕ್ಕನೂ ನಕ್ಕರು.

ಮರುದಿನ ಬೆಳಿಗ್ಗೆ ಅದು ನಡೆಯಿತು. ರೇಷ್ಮಾ ಹೊಡೆಯುತ್ತಿದ್ದಳು, ನಾನು ಎಡಗಡೆ, ನೀಲಕ್ಕ ಹಿಂದೆ. ಊರ ಹೊರಗಿನ ಅಗಲ ರಸ್ತೆ. ಹಾಲಿನ ಕ್ಯಾನು ಕಟ್ಟಿಕೊಂಡ ಸ್ಕೂಟರಿನವನೊಬ್ಬ ಅಡ್ಡರಸ್ತೆಯಿಂದ ಇತ್ತ ನೋಡದೆ ನುಗ್ಗಿದ. ರೇಷ್ಮಾಳಿಗೆ ಏನೂ ತೋಚಲಿಲ್ಲ. ನಾನು ನನ್ನ ಬ್ರೇಕನ್ನು ಪೂರ್ತಿ ಒತ್ತಿದೆ. ಸ್ಕೂಟರು ಕೂದಲೆಳೆಯಲ್ಲಿ ಉಳಿದು ಹೊರಟೇ ಹೋಯಿತು, ಅವನು ತಿರುಗಿ ನೋಡಲೂ ಇಲ್ಲ. ಬ್ರೇಕು ಹಾಕುತ್ತಲೇ ಹಿಂದಿನದು ಕಾಣಲೆಂದು ನನ್ನ ಮುಂದೆ ಹಾಕಿಸಿದ್ದ ಕನ್ನಡಿ ನೋಡಿದೆ, ಅದು ಅಭ್ಯಾಸ. ಕನ್ನಡಿಯಲ್ಲಿ ನೀಲಕ್ಕನ ಮುಖ ಇತ್ತು. ರೇಷ್ಮಾಳಿಗೆ "ಕ್ಲಚ್ಚು, ಕ್ಲಚ್ಚು ತಂಗಿ," ಎನ್ನುತ್ತಿದ್ದರು. ಅವರ ತಲೆಯ ಹಿಂದೆ, ಗಾಜಿನ ತುಂಬ, ಲಾರಿ.

ರೇಷ್ಮಾಳ ಹಣೆಗೆ ಪೆಟ್ಟಾಯಿತು. ನನಗೆ ಒಂದು ತರಚು ಗಾಯವೂ ಆಗಲಿಲ್ಲ. ನೀಲಕ್ಕ ಆಸ್ಪತ್ರೆ ಮುಟ್ಟಲಿಲ್ಲ.

ತನಿಖೆಯಾಗಿ ತಪ್ಪು ಲಾರಿಯವನದು ಎಂದಾಯಿತು. ಅಷ್ಟು ವೇಗವಾಗಿ, ಅಷ್ಟು ಹತ್ತಿರ ಬರಬಾರದಾಗಿತ್ತು. ನನ್ನದು ತಪ್ಪಿಲ್ಲ ಎಂದು ಕಾಗದದ ಮೇಲೆ ಬಂತು. ಆ ಕಾಗದವನ್ನು ನನ್ನ ಬಲಗಾಲಿಗೆ ಯಾರೂ ಓದಿ ಹೇಳಲಿಲ್ಲ. ಊಟಕ್ಕೆ ಕೂತಾಗ, ಟಿವಿ ನೋಡುವಾಗ, ಇದ್ದಕ್ಕಿದ್ದಂತೆ ಅದು ನೆಲವನ್ನು ಒದೆಯುತ್ತಿತ್ತು, ಬ್ರೇಕು ಒತ್ತಿದ ಹಾಗೆ. ಒಂದು ಭಾನುವಾರ ಚರ್ಚಿನಲ್ಲಿ ಎಲ್ಲರೂ ಕಣ್ಣುಮುಚ್ಚಿ ಮೌನವಾಗಿ ಪ್ರಾರ್ಥಿಸುತ್ತಿದ್ದಾಗ ಮುಂದಿನ ಬೆಂಚಿಗೆ ಧಡ್ ಎಂದು ಒದ್ದೆ. ಮುಂದಿದ್ದ ಮುದುಕಿ ಹೌಹಾರಿ ಎದ್ದುಬಿಟ್ಟಳು. ಕನ್ನಡಿಗಳೂ ಬೇಡವಾದವು. ಕ್ಷೌರದ ಅಂಗಡಿಯಲ್ಲಿ ಮುಂದೊಂದು ಹಿಂದೊಂದು ಕನ್ನಡಿ. ನನ್ನ ತಲೆಯ ಹಿಂದೆ ಏನೋ ಬರುತ್ತಿದೆ ಎನಿಸಿ ಅರ್ಧ ಗಡ್ಡ ಹೆರೆಸಿಕೊಂಡು, ಇನ್ನರ್ಧಕ್ಕೆ ನೊರೆ ಇದ್ದಂತೆಯೇ ಬೀದಿಗೆ ಓಡಿಬಂದೆ. ಅಂಗಡಿಯಲ್ಲಿ ಕೂತವರು ಪೇಪರು ಕೆಳಗಿಟ್ಟು ನೋಡಿದರು. ಅವರ ಮಟ್ಟಿಗೆ ಅವತ್ತಿನ ಪೇಪರಿಗಿಂತ ಅದೇ ಒಳ್ಳೆಯ ಸುದ್ದಿ.

ಸಮಾಧಾನ ಹೇಳಲು ಬಂದವರಿಗೆ ಲೆಕ್ಕವಿಲ್ಲ. "ನಿಮ್ಮ ಆಯುಷ್ಯ ಗಟ್ಟಿ ಇತ್ತು" ಎಂದವರು, ಯಾವುದೋ ದರ್ಗಾದಿಂದ ದಾರ ತಂದು ಮಣಿಕಟ್ಟಿಗೆ ಕಟ್ಟಿದವರು, ಬೆಳಿಗ್ಗೆ ಬಿಸಿನೀರಿಗೆ ಜೇನುತುಪ್ಪ ಹಾಕಿ ಕುಡಿಯಿರಿ ಎಂದವರು. ಚರ್ಚಿನ ಸಭೆಯ ಹಿರಿಯರೊಬ್ಬರು ಎರಡು ಕಪ್ ಚಹಾ ಕುಡಿದು, "ದೇವರು ನಿಮ್ಮನ್ನ ಒಂದು ಉದ್ದೇಶಕ್ಕ ಉಳಿಸ್ಯಾನ," ಎಂದರು. ಹಾಗಾದರೆ ನೀಲಕ್ಕನನ್ನು ಯಾವ ಉದ್ದೇಶಕ್ಕೆ ಉಳಿಸಲಿಲ್ಲ ಎಂದು ಕೇಳಿದೆ. ಅವರು ಬಿಸ್ಕತ್ತು ಮುರಿಯುವುದರಲ್ಲಿ ಮಗ್ನರಾದರು. ಫೆಬ್ರವರಿಯಲ್ಲಿ ರೇಷ್ಮಾ ಪೇಢೆ ಹಿಡಿದು ಬಂದಳು. ಬೇರೆ ಸ್ಕೂಲಿಗೆ ಸೇರಿ ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದಳು.

"ನೀಲಕ್ಕಾರ ಹೇಳಿದ್ದು ಇನ್ನೂ ಕಿವ್ಯಾಗ ಐತ್ರಿ ಮಾಸ್ತರ. ಅರ್ಧಕ್ಕ ಬಿಟ್ರ ಅವರಿಗೆ ಮಾರಿ ಹೆಂಗ ತೋರಸ್ಲಿ ಅಂತ ಕಲತ್ನಿ," ಎಂದಳು. ಅವಳ ಕಣ್ಣು ತುಂಬಿತ್ತು. ನಾನು, ಸತ್ತವರ ಹೆಸರಿನಲ್ಲಿ ಪೇಢೆ ಹಂಚುವ ಜನ ಎಂದುಕೊಂಡು ಡಬ್ಬಿಯನ್ನು ಮುಟ್ಟಲಿಲ್ಲ.

ಕಾರು ರಿಪೇರಿಯಾಗಿ ಬಂದು ಮನೆ ಮುಂದೆ ನಿಂತಿತ್ತು. ನಾನು ಅದರ ಬಾಗಿಲು ತೆಗೆದಿರಲಿಲ್ಲ. ಮಾರ್ಚ್ ಮೊದಲಲ್ಲಿ ರೂತ್ ಒಂದು ಸಂಜೆ ಎದುರಿಗೆ ಬಂದು ನಿಂತಳು.

"ನಮ್ಮ ಸಾಲ್ಯಾಗ ಒಬ್ಬ ಟೀಚರ್‌ಗೆ ಹಿಂಗ ಆಗಿತ್ತಂತ. ಧಾರವಾಡದಾಗ ಒಬ್ಬರು ಮೇಡಂ ಅದಾರ. ಕಣ್ಣ ಆಡಿಸಿ ವಾಸಿ ಮಾಡ್ತಾರಂತ."

"ಕಣ್ಣ ಆಡಿಸಿ? ನನ್ನ ಕಣ್ಣಿಗೆ ಏನಾಗೇತಿ?"

"ನೀವು ಬರ್ರಿ, ಇಲ್ಲಾ ನಾ ನಮ್ಮ ಅವ್ವನ ಮನಿಗೆ ಹೋಕ್ಕೇನಿ. ಮಗ್ಗಲಾಗ ಮಲಗಿದವರ ಕಡಿಂದ ಒದಿಸಿಕೊಂಡು ಒದಿಸಿಕೊಂಡು ನನ್ನ ಕಾಲ ನೋಡ್ರಿ." ಸೀರೆ ಎತ್ತಿ ಮೊಣಕಾಲ ಕೆಳಗೆ ತೋರಿಸಿದಳು. ನೀಲಿ, ಹಳದಿ ಕಲೆಗಳು. ಎರಡು ತಿಂಗಳು ಅವಳು ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಹಾಗೆ ಗಿರಣಿಯ ಮೇಲಿನ ಕೋಣೆಗೆ ಹೋದೆ. ಇಬ್ಬರೂ ಬಸ್ಸಿನಲ್ಲಿ ಹೋದೆವು. ಡ್ರೈವರಿನ ಕನ್ನಡಿ ಕಾಣದ ಸೀಟು ಹುಡುಕಿ ಕೂತೆ. ಊರಿಗೆಲ್ಲ ವರ್ಷದ ಖಾರ ಕುಟ್ಟಿಸುವ ಕಾಲ ಅದು. ಕೆಳಗೆ ಹೆಂಗಸರು ಮೆಣಸಿನಕಾಯಿ ಚೀಲಗಳನ್ನಿಟ್ಟುಕೊಂಡು ಸಾಲಾಗಿ ಕೂತಿದ್ದರು. ಮೇಲೆ ಎರಡು ಬೆತ್ತದ ಕುರ್ಚಿ, ಒಂದು ಪ್ಲಾಸ್ಟಿಕ್ ಗಿಡ, ಗೋಡೆಯಲ್ಲಿ ಸೂರ್ಯೋದಯದ ಚಿತ್ರ, ಕಣ್ಣೊರೆಸಲು ಕಾಗದದ ಡಬ್ಬಿ. ಅಶ್ವಿನಿ ಮೇಡಂಗೆ ಮೂವತ್ತು ದಾಟಿತ್ತೋ ಇಲ್ಲವೋ. ನನ್ನ ಬಳಿ ಕಲಿಯಲು ಬಂದಿದ್ದರೆ ಮೊದಲ ದಿನವೇ ಅಳಿಸಿ ಕಳಿಸುತ್ತಿದ್ದೆ. ಅವರೇ ಮೊದಲು ಸೀನಿದರು, ಆಮೇಲೆ ನಾನು.

"ಈ ಘಾಟಿಗೆ ಕ್ಷಮಾ ಮಾಡ್ರಿ. ಬ್ಯಾರೆ ಜಾಗಾ ಸಿಗಲಿಲ್ಲ," ಎಂದರು.

ಮೊದಲ ಎರಡು ವಾರ ಬೆರಳೂ ಇಲ್ಲ, ಕಣ್ಣೂ ಇಲ್ಲ, ಬರೀ ಮಾತು. ನಿದ್ರೆ ಹೇಗೆ, ಊಟ ಹೇಗೆ, ಚಿಕ್ಕಂದಿನಲ್ಲಿ ಏನಾಗಿತ್ತು. ಆಮೇಲೆ, ನಿಮಗೆ ನೆಮ್ಮದಿ ಎನಿಸುವ ಒಂದು ಜಾಗ ನೆನಸಿಕೊಳ್ಳಿ ಎಂದರು. ನನಗೆ ನೆಮ್ಮದಿ ಇದ್ದದ್ದು ಕಾರಿನ ಎಡಗಡೆಯ ಸೀಟಿನಲ್ಲಿ. ಅದನ್ನು ಹೇಳಲು ಬಾಯಿ ಬರಲಿಲ್ಲ. ಉಣಕಲ್ ಕೆರೆ ಎಂದು ಸುಳ್ಳು ಹೇಳಿದೆ. ಅಲ್ಲಿಗೆ ಕಾಲಿಡದೆ ಹತ್ತು ವರ್ಷವಾಗಿತ್ತು. ಅವರು ಅದನ್ನೇ ಗಂಭೀರವಾಗಿ ಹಿಡಿದುಕೊಂಡು, ಗಾಳಿ ಹೇಗೆ ಬೀಸುತ್ತದೆ, ನೀರಿನ ಬಣ್ಣ ಯಾವುದು, ಎಲ್ಲಿ ಕೂತಿದ್ದೀರಿ ಎಂದು ಕೇಳುತ್ತ ಹೋದರು. ನಾನು ಒಂದರ ಮೇಲೊಂದು ಸುಳ್ಳು ಪೋಣಿಸಿದೆ. ಮೆಟ್ಟಿಲಿಳಿಯುವಾಗ ರೂತ್‌ಗೆ, "ಇಷ್ಟ ಓದಿದವರಿಗೆ ಸುಳ್ಳು ಯಾವುದು, ಖರೇ ಯಾವುದು ತಿಳಿಯೂದಿಲ್ಲ," ಎಂದೆ.

ಮೂರನೇ ವಾರ ಬೆರಳು ಬಂತು. ಮೇಡಂ ತಮ್ಮ ಕುರ್ಚಿಯನ್ನು ನನ್ನ ಕುರ್ಚಿಯ ಹತ್ತಿರ, ನನಗೆ ಎದುರಾಗಿ ಎಳೆದುಕೊಂಡು ಕೂತರು. ಹೇಗೆ ಕೆಲಸ ಮಾಡುತ್ತದೆ ಇದು ಎಂದು ನಾನು ವಕೀಲನ ಹಾಗೆ ಕೇಳಿದೆ.

"ಖರೇ ಹೇಳಬೇಕಂದ್ರ, ಪೂರ್ತಿ ಯಾರಿಗೂ ಗೊತ್ತಿಲ್ರಿ," ಎಂದರು ಅಶ್ವಿನಿ ಮೇಡಂ. "ಭಯ ಆದಾಗ ನೆನಪು ಸರಿಯಾಗಿ ಒಳಗ ಕೂಡೂದಿಲ್ಲ, ಇನ್ನೂ ಈಗ ನಡದಂಗ ಇರ್ತದ. ಅದನ್ನ ನೆನಸ್ತಾ ಕಣ್ಣ ಆಡಿಸಿದ್ರ ಮೆಲ್ಲಕ ಹಳೇದಾಗ್ತದ. ಯಾಕ ಅನ್ನೂದಕ್ಕ ಒಬ್ಬೊಬ್ಬರು ಒಂದೊಂದು ಹೇಳ್ತಾರ. ಎಲ್ಲಾರಿಗೂ ಆಗ್ತದ ಅಂತನೂ ನಾ ಹೇಳೂದಿಲ್ಲ."

ನನಗೆ ಗೆದ್ದಂತಾಯಿತು. ಗೊತ್ತಿಲ್ಲವಂತೆ! ಗಾಡಿ ಯಾಕೆ ಓಡುತ್ತದೆ ಎಂದು ಗೊತ್ತಿಲ್ಲದವರು ಗಾಡಿ ಕಲಿಸಲು ಕೂತ ಹಾಗೆ. ಆದರೆ ಆ ಎರಡು ತಿಂಗಳಲ್ಲಿ ನನ್ನ ಮುಂದೆ ಕೂತು "ಗೊತ್ತಿಲ್ಲ" ಎಂದವರು ಅವರೊಬ್ಬರೇ ಎಂಬುದೂ ಆಗ ಹೊಳೆದು, ಅದು ನನಗೆ ಹಿಡಿಸಲಿಲ್ಲ.

"ಎಲ್ಲಕ್ಕಿಂತ ಕೆಟ್ಟ ಚಿತ್ರ ಯಾವುದ್ರಿ?"

"ಕನ್ನಡಿ. ಕನ್ನಡ್ಯಾಗ ಅವರ ಮಾರಿ. ಹಿಂದ ಲಾರಿ."

"ಅದನ್ನ ನೋಡಿದಾಗ ನಿಮ್ಮ ಬಗ್ಗೆ ನಿಮಗ ಏನ ಅನಸ್ತದ?"

"ನನ್ನ ಕಾಲ ಅವರನ್ನ ಕೊಂದತು ಅಂತ."

"ಅದು ಆಗಿದ್ದರ ಬಗ್ಗೆ ಆತು. ನಿಮ್ಮ ಬಗ್ಗೆ?"

ನಾನು ಕಿಟಕಿ ನೋಡಿದೆ. "ನಾಲಾಯಕ್," ಎಂದೆ. ದಿನಕ್ಕೆ ಹತ್ತು ಸಲ ಬೇರೆಯವರಿಗೆ ಅನ್ನುತ್ತಿದ್ದ ಮಾತು ಅದು. ಎಷ್ಟು ತ್ರಾಸು, ಸೊನ್ನೆಯಿಂದ ಹತ್ತರೊಳಗೆ ಹೇಳಿ ಎಂದರು. ಹತ್ತು ಎಂದೆ. ಮೈಯಲ್ಲಿ ಎಲ್ಲಿ? ಬಲಗಾಲಲ್ಲಿ.

ಆಮೇಲೆ ಎರಡು ಬೆರಳು ಎತ್ತಿ ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ಆಡಿಸತೊಡಗಿದರು. ತಲೆ ಅಲ್ಲಾಡಿಸದೆ ಕಣ್ಣಷ್ಟೇ ಓಡಿಸಬೇಕು. ಇಪ್ಪತ್ತು ಇಪ್ಪತ್ತೈದು ಸಲ ಆದ ಮೇಲೆ ನಿಲ್ಲಿಸಿ, "ಈಗೇನ ಬಂತು?" ಎಂದು ಕೇಳುತ್ತಾರೆ. ಏನೇ ಹೇಳಿದರೂ, "ಅದರ ಕೂಡನ ಹೋಗ್ರಿ," ಎಂದು ಮತ್ತೆ ಬೆರಳು. ಮೊದಲ ಸಲ ಏನೂ ಬರಲಿಲ್ಲ, ಕೆಳಗಿನ ಗಿರಣಿಯ ಗರಗರ ಬಿಟ್ಟರೆ. ಎರಡನೆಯ ಸಲ ಸ್ಕೂಟರಿನವನ ಚೌಕಳಿ ಅಂಗಿ. ನಾಲ್ಕನೆಯ ಸಲ ಲಾರಿಯ ಮುಂಭಾಗಕ್ಕೆ ಕಟ್ಟಿದ್ದ ಬಾಡಿದ ಚೆಂಡುಹೂವಿನ ಮಾಲೆ. ಅದನ್ನು ನೋಡಿದ್ದೇನೆ ಎಂಬುದೇ ನನಗೆ ಗೊತ್ತಿರಲಿಲ್ಲ. ಐದನೆಯದಕ್ಕೆ ಬಲಗಾಲು ನೆಲ ಒದೆಯಿತು, ಉಸಿರು ಸಿಕ್ಕಿಕೊಂಡಿತು, ಎದ್ದು ಓಡಬೇಕೆನಿಸಿತು. ಮೇಡಂ ಬೆರಳು ಇಳಿಸಿ, "ಉಣಕಲ್ ಕೆರಿ ದಂಡಿಗೆ ಬರ್ರಿ. ಗಾಳಿ ಬೀಸಾಕತ್ತದ," ಎಂದರು. ನಾನು ಕಟ್ಟಿದ ಸುಳ್ಳು ಕೆರೆ. ನಾಚಿಕೆಗೆಟ್ಟವನ ಹಾಗೆ ಅದರ ದಂಡೆಯಲ್ಲಿ ಕೂತೆ. ಉಸಿರು ಬಂತು.

ಕೆಳಗಿಳಿದಾಗ ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು. "ಖಾರ," ಎಂದೆ ರೂತ್‌ಗೆ. "ಹೂಂ, ಖಾರನ," ಎಂದಳು.

ಏಪ್ರಿಲ್ ಎರಡನೇ ವಾರ. ಚರ್ಚಿನಿಂದ ಹೊರಬರುವಾಗ ಮುಂದಿನ ಬೆಂಚಿನ ಮುದುಕಿ ನನ್ನ ತೋಳು ಹಿಡಿದು, "ಇವತ್ತ ಒದೀಲಿಲ್ಲಪಾ ನೀ," ಎಂದಳು. ಹೌದಲ್ಲ ಎಂದುಕೊಂಡೆ. ಆ ವಾರ ಪೂರ್ತಿ ಕಾಲು ಸುಮ್ಮನಿತ್ತು. ಕ್ಷೌರದ ಅಂಗಡಿಗೂ ಹೋಗಿ ಎರಡು ಕನ್ನಡಿಗಳ ನಡುವೆ ಪೂರ್ತಿ ಗಡ್ಡ ಮಾಡಿಸಿಕೊಂಡೆ. ಸಂತೋಷಪಡಬೇಕಾದವನಿಗೆ ಸಿಟ್ಟು ಬಂತು. ಒಬ್ಬ ಹೆಣ್ಣುಮಗಳ ಪ್ರಾಣ ಹೋಗಿದೆ. ಆ ಭಾರ ಎರಡು ಬೆರಳ ಗಾಳಿಗೆ ಹಾರಿಹೋಗುವಷ್ಟು ಹಗುರವೇ? ಇಷ್ಟು ಅಗ್ಗಕ್ಕೆ ವಾಸಿಯಾಗುವವನು ಎಂಥ ಮನುಷ್ಯ? ಪೇಢೆ ತಂದ ರೇಷ್ಮಾಳನ್ನು ಮನಸ್ಸಿನಲ್ಲೇ ಹೀಯಾಳಿಸಿದ್ದ ನಾನು ಅವಳಿಗಿಂತ ಒಂದು ಕೈ ಮೇಲಾದೆ.

ಆದರೆ ಹತ್ತು ಇಳಿಯುತ್ತ ಇಳಿಯುತ್ತ ಐದಕ್ಕೆ ಬಂದು ನಿಂತುಬಿಟ್ಟಿತು. ಮೂರು ವಾರ ಅಲ್ಲಿಂದ ಅಲುಗಲಿಲ್ಲ. ಕನ್ನಡಿ ದೂರವಾಗಿತ್ತು, ಲಾರಿ ಹಳೆಯದಾಗಿತ್ತು, ಆದರೂ ಎದೆಯಲ್ಲಿ ಏನೋ ಕಲ್ಲಿನಂತೆ ಕೂತಿತ್ತು. ಮೇ ತಿಂಗಳ ಒಂದು ಮಧ್ಯಾಹ್ನ ಅಶ್ವಿನಿ ಮೇಡಂ, "ಇಷ್ಟ ದಿನಾ ನೀವು ರಸ್ತಾದಿಂದ ಶುರು ಮಾಡ್ತೀರಿ. ಗಾಡಿ ಹತ್ತೂದಕ್ಕಿಂತ ಮೊದಲ ಏನರ ಇತ್ತೇನ್ರಿ?" ಎಂದರು.

"ಏನೂ ಇಲ್ಲ."

"ಸರಿ. 'ಏನೂ ಇಲ್ಲ' ಅನ್ನೂದರ ಕೂಡನ ಹೋಗ್ರಿ." ಬೆರಳು ಎತ್ತಿದರು.

ಮೇಲೆ ನಿಮಗೆ ಹೇಳುವಾಗಲೂ ನಾನು ಅದನ್ನು ಬಿಟ್ಟೇ ಹೇಳಿದ್ದೇನೆ. ಪೊಲೀಸರಿಗೆ ಹೇಳಿರಲಿಲ್ಲ, ರೂತ್‌ಗೆ ಹೇಳಿರಲಿಲ್ಲ. ಮರೆತಿದ್ದೆ ಎಂದಲ್ಲ, ಆ ಕಡೆ ತಿರುಗಿರಲಿಲ್ಲ ಅಷ್ಟೆ. ಆ ಬೆಳಿಗ್ಗೆ ನಾನು ಬರುವ ಮೊದಲೇ ನೀಲಕ್ಕ ಬಂದು ಕಾರಿನ ಪಕ್ಕ ನಿಂತಿದ್ದರು. ಹಸಿರು ಸೀರೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು. ಡ್ರೈವರಿನ ಬಾಗಿಲ ಹಿಡಿಕೆಯ ಮೇಲೆ ಕೈ ಇತ್ತು.

"ಮಾಸ್ತರ, ಇವತ್ತ ನಾ ಮೊದಲ ಹೊಡೀತೇನ್ರಿ. ನಿನ್ನಿದು ಮನಸ್ಸಿನ್ಯಾಗ ಕುಂತುಬಿಟ್ಟೈತಿ. ಒಮ್ಮೆ ಸರಿಯಾಗಿ ಹೊಡದರ ಹೋಕ್ಕೈತಿ."

ಸರದಿಯ ಪ್ರಕಾರವೂ ಅವತ್ತು ಮೊದಲು ಅವರದೇ. ನಾನು ಬೀಗದಕೈಯನ್ನು ರೇಷ್ಮಾಳ ಕೈಗೆ ಕೊಟ್ಟು, "ನಿಮ್ಮ ಸಲುವಾಗಿ ಎಲ್ಲಾರೂ ದಿನಾ ತಡಾ ಮಾಡ್ಕೊಳ್ಳಾಕ ಆಗೂದಿಲ್ಲ ಅಕ್ಕಾರ. ಹಿಂದ ಕುಂದರ್ರಿ. ಕುಂತು ನೋಡ್ರಿ, ಗಾಡಿ ಹೊಡಿಯೂದಂದ್ರ ಏನಂತ," ಎಂದೆ. ಅವರು ನಕ್ಕರು. ಹಿಡಿಕೆಯ ಮೇಲಿಂದ ಕೈ ತೆಗೆದು ಹಿಂದೆ ಹೋಗಿ ಕೂತರು.

ಬ್ರೇಕು ಒತ್ತಿದ್ದು ಸರಿ. ಯಾರೇ ಆಗಿದ್ದರೂ ಒತ್ತುತ್ತಿದ್ದರು. ನಾಲ್ಕು ತಿಂಗಳು ನಾನು ನನ್ನ ಕಾಲನ್ನು ದೂರಿದೆ, ಪಾಪ, ಕಾಲು ತನ್ನ ಕೆಲಸ ಮಾಡಿತ್ತು. ಬಾಯಿಯ ಮೇಲೆ ದೂರು ಬರದಿರಲಿ ಎಂದು ಕಾಲನ್ನು ಮುಂದೆ ಮಾಡಿದ್ದೆ.

ಅವತ್ತು ಕರೆಂಟು ಹೋಗಿ ಗಿರಣಿ ಬಂದ್ ಆಗಿತ್ತು. ಗಾಳಿಯಲ್ಲಿ ಖಾರವೂ ಇರಲಿಲ್ಲ, ನೆಪ ಹೇಳಲು ಏನೂ ಇರಲಿಲ್ಲ. ಎಲ್ಲ ಹೇಳಿ ಮುಗಿಸಿದಾಗ ಮೇಡಂ ಕಾಗದದ ಡಬ್ಬಿಯನ್ನು ನನ್ನತ್ತ ಸರಿಸಿದರು. ನಾನು ಕಣ್ಣೊರೆಸಿಕೊಂಡು ಹೇಳಿದೆ, "ಇದನ್ನ ಮಾತ್ರ ಬೆರಳ ಆಡಿಸಿ ಅಳಸಬ್ಯಾಡ್ರಿ."

"ಅಳಸಾಕ ನನಗ ಬರೂದಿಲ್ರಿ," ಎಂದರು. "ಆಗಿದ್ದು ಆಗೇದ. ಅದನ್ನ ಹೊತಗೊಂಡು ನಡಿಯಾಕ ಬರೂ ಹಂಗ ಮಾಡೂದು ಅಷ್ಟ ನನ್ನ ಕೆಲಸ."

ಜೂನ್‌ನಲ್ಲಿ ಮೊದಲ ಮಳೆಯಾದ ಮೇಲೆ, ಯಾರಿಗೂ ಹೇಳದೆ ಉಪ್ಪಿನಬೆಟಗೇರಿಯ ಬಸ್ಸು ಹತ್ತಿದೆ. ನೀಲಕ್ಕನ ಗಂಡ ಶಿವಲಿಂಗಪ್ಪನವರು ಹೆಂಡತಿ ಹೋದ ಮೇಲೆ ಹುಬ್ಬಳ್ಳಿಯ ಮನೆ ಬಿಟ್ಟು ಊರಿಗೇ ಬಂದಿದ್ದರು. ಮಣ್ಣು ಮಾಡುವ ದಿನ ದೂರದಿಂದ ಅವರನ್ನು ನೋಡಿದ್ದೆ, ಹತ್ತಿರ ಹೋಗಿರಲಿಲ್ಲ. ಈಗ ಅವರು ಕಟ್ಟೆಯ ಮೇಲೆ ಕೂತು ಬಿತ್ತನೆಯ ಹೆಸರುಕಾಳು ಹಸನು ಮಾಡುತ್ತಿದ್ದರು. ಹಣೆಗೆ ವಿಭೂತಿ, ಹೆಗಲಿಗೆ ವಸ್ತ್ರ. ನನ್ನನ್ನು ಗುರುತು ಹಿಡಿದರು. "ಬರ್ರಿ ಮಾಸ್ತರ, ಕುಂದರ್ರಿ," ಎಂದು ಕಾಳಿನ ಮೊರವನ್ನು ಪಕ್ಕಕ್ಕೆ ಸರಿಸಿದರು.

ನಾನು ಕೂರಲಿಲ್ಲ. ನಿಂತೇ ಹೇಳಿದೆ. ಚಕ್ಕಡಿಯ ಮಾತು, ಸರದಿಯ ಮಾತು, ಹಿಂದೆ ಕುಂದರ್ರಿ ಎಂದದ್ದು, ಎಲ್ಲ. ಅವರು ಕಾಳಿನಲ್ಲಿ ಕೈಯಿಟ್ಟುಕೊಂಡೇ ಕೇಳಿದರು.

"ಅಕಿ ಏನಂದ್ಲು?"

"ಏನೂ ಅನ್ನಲಿಲ್ರಿ. ನಕ್ಕು ಹಿಂದ ಕುಂತರು."

"ನಗತಿದ್ಲು," ಎಂದರು ಶಿವಲಿಂಗಪ್ಪನವರು. "ಮಂದಿ ಮುಂದ ನಗತಿದ್ಲು ಅಕಿ. ಮನಿಗೆ ಬಂದು ಅಳತಿದ್ಲು. ಹಿಂದಿನ ದಿನಾ ಸಂಜಿಮುಂದ ಬಚ್ಚಲದಾಗ ನಿಂತು ಅತ್ಲು, ನೀವು ಚಕ್ಕಡಿ ಅಂದಿದ್ದಕ್ಕ. ನಾ ಅಂದ್ನಿ, ಬಿಟ್ಟುಬಿಡು ಈ ಕಾರಿಂದು, ಈ ವಯಸ್ಸಿನ್ಯಾಗ ಯಾಕ ಬೇಕು. ಅಕಿ ಏನಂದ್ಲು ಗೊತ್ತೈತೇನು? ಮಾಸ್ತರಂದು ಬಾಯಿ ಹೊಲಸ, ಆದ್ರ ಕಲಸೂದು ಛಲೋ ಕಲಸ್ತಾನ, ನಾಳಿಗೆ ಮೊದಲ ನಂದ ಪಾಳಿ, ತೋರಸ್ತೇನಿ ಅವಂಗ ಅಂದ್ಲು."

ತಪ್ಪಾಯಿತು ಎಂದೆನೇನೋ. ಅವರು ಕೈಗೆ ಹತ್ತಿದ ಕಾಳು ಝಾಡಿಸಿ ಎದ್ದು ನಿಂತರು. ದನಿ ಏರಲಿಲ್ಲ.

"ನೀವು ಬಂದು ಹೇಳಿದ್ರಿ. ಇಲ್ಲಂದ್ರ ನನಗ ಗೊತ್ತಾಗ್ತಿದ್ದಿಲ್ಲ, ಅದು ಖರೇ. ಆದ್ರ ನಿಮ್ಮ ಎದಿ ಹಗರ ಮಾಡ್ಕೊಳ್ಳಾಕ ಬಂದಿದ್ರ, ಇಲ್ಲಿ ಇಳಸಬ್ಯಾಡ್ರಿ. ಈ ಮನ್ಯಾಗ ಬಂದವರನ್ನ ಚಾ ಕೊಡದ ಕಳಿಸಿದ್ದಿಲ್ಲ. ನಮ್ಮಪ್ಪನ ಕಾಲಕ್ಕೂ ಇಲ್ಲ. ನಿಮಗ ಕೊಡೂದಿಲ್ಲ. ಹೋಗ್ರಿ."

ಹೋದೆ. ಬಸ್ ನಿಲ್ದಾಣದಲ್ಲಿ ಒಂದೂವರೆ ತಾಸು ಬಸ್ಸಿಗಾಗಿ ಕಾಯಬೇಕಾಯಿತು. ಎದುರಿಗೇ ಚಹಾದ ಅಂಗಡಿ, ಒಲೆಯ ಮೇಲೆ ಕುದಿಯುತ್ತಿತ್ತು. ಗಂಟಲು ಒಣಗಿತ್ತು, ಆದರೂ ಆ ಊರಿನಲ್ಲಿ ಕುಡಿಯಬಾರದೆನಿಸಿತು. ಜೀವನದಲ್ಲಿ ಅಷ್ಟು ಜನರನ್ನು ತಿರಸ್ಕಾರದಿಂದ ಕಂಡಿದ್ದೇನೆ, ಒಬ್ಬರಿಗೂ ಅದನ್ನು ಶಿವಲಿಂಗಪ್ಪನವರ ಹಾಗೆ ಅಳತೆ ಮಾಡಿ ಕೊಡಲು ನನಗೆ ಬಂದಿರಲಿಲ್ಲ. ನನ್ನದು ಎಲ್ಲರ ಮೇಲೂ ಚೆಲ್ಲುವ ಕೊಳಕು ನೀರು. ಅವರದು ನನಗೆ ಸಲ್ಲಬೇಕಾದಷ್ಟೇ, ಒಂದು ಹನಿ ಹೆಚ್ಚಿಲ್ಲ.

ಮುಂದಿನ ವಾರ ಇದನ್ನು ಹೇಳಿದಾಗ ಅಶ್ವಿನಿ ಮೇಡಂ ಮೊದಲ ಸಲ ಬೇಸರದಿಂದ ನೋಡಿದರು. "ನಾ ಹೋಗ್ರಿ ಅಂದಿದ್ದಿಲ್ಲ. ಅವರ ದುಃಖಕ್ಕ ಮತ್ತೊಂದು ಕೂಡಿಸಿ ಬಂದ್ರಿ."

"ಹೌದ್ರಿ," ಎಂದೆ.

"ಈಗ ಎಷ್ಟದ?"

"ಮೂರು." ಹಿಂದೆಯೇ ಕೇಳಿದೆ, "ಇದು ಸೊನ್ನಿಗೆ ಇಳೀಲೇಬೇಕೇನ್ರಿ?"

ಅವರು ನನ್ನನ್ನೇ ನೋಡಿದರು. "ಕಾಲ ಒದೀತದೇನು?" ಇಲ್ಲ. "ಕನ್ನಡಿ?" ಇಲ್ಲ. "ನಿದ್ದಿ?" ಬರುತ್ತದೆ. ಬರೆದುಕೊಳ್ಳುತ್ತಿದ್ದ ಪುಸ್ತಕ ಮುಚ್ಚಿದರು. "ಹಂಗಾದ್ರ ಆ ಮೂರು ಇರಲಿ ಬಿಡ್ರಿ. ಅದು ಜಡ್ಡಲ್ಲ."

ಅದೇ ತಿಂಗಳ ಕೊನೆಯಲ್ಲಿ ಕಾರು ಹೊರಗೆ ತೆಗೆದೆ. ಮೊದಲ ದಿನ ಹೊರಗಿನವರನ್ನು ಕೂರಿಸಲು ಧೈರ್ಯ ಬರಲಿಲ್ಲ. ರೂತ್‌ಗೆ, ನೀ ಕಲಿತೀಯೇನು ಎಂದೆ. ಮದುವೆಯಾದ ಹೊಸದರಲ್ಲಿ ಅವಳು ಕೇಳಿದ್ದಳು. ನಿನ್ನ ಕೈಲೆ ಆಗೂದಿಲ್ಲ ಎಂದು ನಕ್ಕಿದ್ದೆ, ಆಮೇಲೆ ಅವಳು ಕೇಳಿರಲಿಲ್ಲ. ಭಾನುವಾರ ಮಧ್ಯಾಹ್ನ ಶಾಲೆಯ ಖಾಲಿ ಮೈದಾನದಲ್ಲಿ ಅವಳು ಸ್ಟಿಯರಿಂಗ್ ಹಿಡಿದಳು, ನಾನು ಎಡಗಡೆ ಕೂತೆ. ಗಾಡಿ ಜಿಗಿದು ಬಂದ್ ಬಿತ್ತು. ಮತ್ತೆ ಬಂದ್ ಬಿತ್ತು. ಮೂರನೆಯ ಸಲವೂ. ನಾಲಿಗೆಯ ತುದಿಗೆ ಏನೇನು ಬಂತೋ ನನಗೆ ಗೊತ್ತು. ಅಷ್ಟು ಬೆರಳಾಡಿಸಿದರೂ ಅದಕ್ಕೆ ಮಾತ್ರ ಏನೂ ಆಗಿರಲಿಲ್ಲ. ಹಲ್ಲು ಕಚ್ಚಿ ಕೂತೆ.

ರೂತ್ ಸ್ಟಿಯರಿಂಗ್ ಬಿಟ್ಟು ನನ್ನತ್ತ ತಿರುಗಿದಳು. ಹಣೆಯ ಮೇಲೆ ಬೆವರು.

"ರೀ, ಏನರ ಅನ್ರಿ. ನೀವು ಹಿಂಗ ಸುಮ್ನ ಕುಂತ್ರ ನನಗ ಜಾಸ್ತಿ ಹೆದರಿಕಿ ಬರತೈತಿ."

ಇಪ್ಪತ್ತು ವರ್ಷ ಗಾಡಿ ಕಲಿಸಿದವನ ಬಾಯಲ್ಲಿ ಬೈಗುಳ ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಬಹಳ ಹುಡುಕಿ, "ಇನ್ನೊಮ್ಮೆ ಚಾಲೂ ಮಾಡು," ಎಂದೆ.